ಸೆರೆಂಬಾನಿನಲ್ಲಿ ಅರ್ಧಕ್ಕೆ ನಿಂತ ಹಾಕಿ

ಕಳೆದ ಮಳೆಗಾಲದಲ್ಲಿ ಮಣಿಪಾಲದ ನಮ್ಮ ಬೀದಿಗೆ ಸೊಳ್ಳೆಗೆ ಹೊಗೆ ಹಾಕುವವರು ಬಂದರು. ಎರಡು ಮನೆಯಾಚೆ ಒಬ್ಬ ಹುಡುಗಿಗೆ ಡೆಂಗಿ ಆಗಿತ್ತು. ಬೆನ್ನಿಗೆ ಯಂತ್ರ ಕಟ್ಟಿಕೊಂಡ ಮನುಷ್ಯ ಚರಂಡಿಯ ಉದ್ದಕ್ಕೂ ನಡೆದುಹೋದ. ಅಕ್ಕಪಕ್ಕದವರೆಲ್ಲ ಕಿಟಕಿ ಮುಚ್ಚಿಕೊಂಡರು. ನಾನು ಗೇಟಿನ ಬಳಿ ನಿಂತೇ ಇದ್ದೆ. ಡೀಸೆಲ್ಲೂ ಔಷಧವೂ ಕಲೆತ ಆ ಬಿಳಿ ಹೊಗೆ ಗಂಟಲಿಗೆ ತಾಕಿದ್ದೇ ತಡ, ಸೆರೆಂಬಾನಿನ ಹಾಕಿ ಮೈದಾನ ಕಣ್ಣೆದುರು ಬಂತು. ಹೊಗೆಯ ಒಳಗಿನಿಂದ ದಪ್ಪ ಪ್ಯಾಡು ಕಟ್ಟಿಕೊಂಡು ನಿಧಾನವಾಗಿ ನಡೆದು ಬರುತ್ತಿದ್ದ ನಮ್ಮ ಗೋಲ್‌ಕೀಪರ್ ಸೆಂಗ್ ಕಂಡ.

ಅದು ತೊಂಬತ್ತೊಂಬತ್ತರ ಮಾತು. ನನ್ನ ಗಂಡ ಸುಧೀರ್ ಮಲೇಶಿಯಾದ ನಿಲಾಯ್‌ನಲ್ಲಿ ಹೊಸದಾಗಿ ಶುರುವಾದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದರು. ನಾವಿಬ್ಬರೂ ಉಡುಪಿ ಕಡೆಯವರು. ನಾನು ಮಣಿಪಾಲದಲ್ಲಿ ಫಿಸಿಯೋಥೆರಪಿ ಓದಿ, ಮದುವೆಯಾಗಿ, ಗಂಡನ ಹಿಂದೆ ಅಲ್ಲಿಗೆ ಹೋದವಳು. ಮೊದಲ ವರ್ಷವೆಲ್ಲ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು, ಹೊಸ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳನ್ನು ಮಗಳಿಗೆ ತೋರಿಸುವುದೇ ನನ್ನ ಕೆಲಸವಾಗಿತ್ತು. ಮಗಳು ಅನು ಆಗ ಶಿಶುವಿಹಾರಕ್ಕೆ ಹೋಗುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದಳು, ಅಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

ಸುಧೀರರ ಸಹೋದ್ಯೋಗಿಯೊಬ್ಬರ ಅಣ್ಣ ನಿಲಾಯ್ ಪಕ್ಕದ ಪಟ್ಟಣ ಸೆರೆಂಬಾನಿನ ಹಾಕಿ ತಂಡವೊಂದರ ಕೋಚ್. ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಸರ್ದಾರ್ಜಿ. ಎಲ್ಲರೂ ಅವರನ್ನು ಕೋಚ್ ಸಿಂಗ್ ಎನ್ನುತ್ತಿದ್ದರು. ಅವರ ತಂಡದ ಫಿಸಿಯೋ ಕೆಲಸ ಬಿಟ್ಟು ಸಿಂಗಪುರಕ್ಕೆ ಹೋಗಿದ್ದ. ತಮಿಳು ಮುಸ್ಲಿಮರ ಮಾಮಕ್ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಒಂದು ಬಸ್ ತುಂಬ ಗಂಡಸರು ಒಟ್ಟಿಗೇ ನೋವು, ನೋವು ಅಂತ ಗೊಣಗಿದ್ರೆ ನಿಮಗೆ ತಲೆನೋವು ಬರತ್ತಾ?"

"ಬರುತ್ತೆ. ಆದರೆ ಕೈ ಕೆಲಸ ಮಾಡುತ್ತೆ," ಎಂದೆ.

ಮುಂದಿನ ವಾರದಿಂದ ಸೆರೆಂಬಾನಿನ ಬಸ್ಸು ಹತ್ತಿದೆ.

ರಬ್ಬರ್ ತೋಟಗಳಿದ್ದ ಒಂದು ಕಂಪನಿ ಸಾಕಿದ್ದ ಕ್ಲಬ್ ಅದು. ಆಟಗಾರರಿಗೆ ಒಂದೊಂದು ಋತುವಿಗೆ ಕರಾರು. ಆಟವೇ ಅವರ ನೌಕರಿ. ಪಂದ್ಯಕ್ಕೆ ಮೊದಲು ಕೃತಕ ಹುಲ್ಲಿಗೆ ನೀರು ಹಾಯಿಸಬೇಕು. ಬಿಸಿಲಿಗೆ ಆ ನೀರು ಆವಿಯಾಗಿ ಏಳುತ್ತಿತ್ತು. ಹುಡುಗರು ಅದರ ನಡುವೆ ಕಡುಬಿನ ಹಾಗೆ ಬೇಯುತ್ತ ಓಡುತ್ತಿದ್ದರು. ಆಟ ಮುಗಿದ ಮೇಲೆ ಒಬ್ಬೊಬ್ಬರಾಗಿ ನನ್ನ ಮೇಜಿನ ಮೇಲೆ ಮಲಗುವರು. ಮೊಣಕಾಲು, ಸೊಂಟ, ಹಿಮ್ಮಡಿ. ತಮಿಳು ಹುಡುಗರು ನನ್ನನ್ನು ಅಕ್ಕಾ ಎಂದರು. ಹದಿನೈದು ದಿನದಲ್ಲಿ ಮಲಯ್, ಚೀನೀ ಹುಡುಗರಿಗೂ ನಾನು ಅಕ್ಕನಾದೆ.

ಸೆಂಗ್ ಆ ತಂಡದ ಗೋಲ್‌ಕೀಪರ್. ಉದ್ದನೆಯ, ಮಾತು ಕಡಿಮೆಯ ಚೀನೀ ಹುಡುಗ. ಸೆರೆಂಬಾನಿನಿಂದ ಸ್ವಲ್ಪ ದೂರದ ಬುಕಿತ್ ಪೆಲಾಂಡೋಕ್ ಎಂಬ ಊರಿನಲ್ಲಿ ಅವರ ಮನೆ, ಮನೆಯ ಹಿಂದೆ ಹಂದಿ ಸಾಕುವ ದೊಡ್ಡ ಕೊಟ್ಟಿಗೆ. ಆ ಊರಿನ ಬಹಳ ಮಂದಿಯ ಕಸುಬೇ ಅದು. ಸೆಂಗ್ ಬೆಳಗಾಗುವ ಮೊದಲೇ ಎದ್ದು ಅಪ್ಪನ ಜೊತೆ ಕೊಟ್ಟಿಗೆ ತೊಳೆದು, ಸ್ನಾನ ಮಾಡಿ ಹೊರಡುತ್ತಿದ್ದ. ಕ್ಲಬ್ಬಿಗೆ ಬಂದು ಇನ್ನೊಮ್ಮೆ ಸ್ನಾನ. ಅವನು ಹತ್ತಿರ ಬಂದರೆ ಸೋಪಿನ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಅವನನ್ನು ದಿನಾ ಬೈಕಿನಲ್ಲಿ ಕರೆತರುತ್ತಿದ್ದವನು ರಜಾಕ್. ರೆಂಬಾವ್ ಊರಿನ ಮಲಯ್ ಮುಸ್ಲಿಂ ಹುಡುಗ, ತಂಡದ ಡಿಫೆಂಡರ್. ಶಾಲೆಯ ತಂಡದಿಂದಲೂ ಇಬ್ಬರೂ ಒಟ್ಟಿಗೆ ಆಡಿದವರು. ಸೆಂಗ್‌ನ ಊರಿನ ಕವಲುದಾರಿಯವರೆಗೆ ಹೋಗಿ, ಅಲ್ಲಿ ಹಾರ್ನ್ ಹೊಡೆದು ಕಾಯುತ್ತಿದ್ದ. ಅದರಾಚೆ ಹೋಗುತ್ತಿರಲಿಲ್ಲ.

"ಅಲ್ಲಿಂದ ಮುಂದೆ ಹಂದಿ ರಾಜ್ಯ ಅಕ್ಕಾ," ಎಂದ ಒಮ್ಮೆ. "ನನ್ನಮ್ಮ ನಂಗೆ ಅನ್ನ ಹಾಕಲ್ಲ. ಇವನಿಗೆ ನಂದು ಗೊತ್ತು, ನಂಗೆ ಇವನದು ಗೊತ್ತು. ಸಾಕು ಲಾ."

ಸೆಂಗ್ ಬೂಟಿನ ದಾರ ಕಟ್ಟುತ್ತ ತಲೆಯಾಡಿಸಿದ. ಅವರಿಬ್ಬರ ನಡುವೆ ಅದೊಂದು ಎಂದೋ ಮುಗಿದ ಮಾತು.

ರಂಜಾನಿನ ಹರಿ ರಾಯ ಹಬ್ಬ ಕಳೆದ ಮೇಲೆ ಲೀಗ್ ಶುರುವಾಯಿತು. ಮೊದಲ ಪಂದ್ಯಗಳನ್ನು ನಮ್ಮವರು ಚೆನ್ನಾಗಿ ಗೆದ್ದರು. ರಜಾಕ್ ಮುಂದೆ ನಿಂತು ತಡೆದದ್ದು ತಡೆದ, ಅವನನ್ನು ದಾಟಿ ಬಂದದ್ದನ್ನು ಸೆಂಗ್ ಒದ್ದು ಹೊರಗೆ ಹಾಕಿದ. ಈ ಸಲ ಕಪ್ ಬರಬಹುದು ಎಂದು ಕೋಚ್ ಸಿಂಗ್ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಪಂದ್ಯ ಮುಗಿದ ಮೇಲೆ ತಮ್ಮಷ್ಟಕ್ಕೆ ಪಂಜಾಬಿ ಹಾಡು ಗುನುಗತೊಡಗಿದ್ದರು. ಚೀನೀ ಹೊಸ ವರ್ಷಕ್ಕೆ ಸೆಂಗ್ ಒಂದು ಪೆಟ್ಟಿಗೆ ಕಿತ್ತಳೆ ತಂದು ಎಲ್ಲರಿಗೂ ಜೋಡಿ ಜೋಡಿಯಾಗಿ ಹಂಚಿದ. ಜೋಡಿಯಾಗಿಯೇ ಕೊಡಬೇಕಂತೆ, ಒಂಟಿ ಕೊಡಬಾರದಂತೆ.

ಆ ಹಬ್ಬದ ಹೊತ್ತಿಗೇ ಆ ಕಡೆ ಜ್ವರದ ಸುದ್ದಿ ಇತ್ತು. ಮೆದುಳಿಗೆ ಏರುವ ಜ್ವರ. ಸೊಳ್ಳೆಯಿಂದ ಬರುವ ಮೆದುಳುಜ್ವರವೇ ಇರಬೇಕೆಂದು ಎಲ್ಲರೂ ತಿಳಿದಿದ್ದರು. ಊರೂರಿಗೆ ಹೊಗೆ ಹಾಕಿದರು, ಲಸಿಕೆ ಹಾಕಿದರು. ನಮ್ಮ ಹುಡುಗರೂ ಸಾಲಾಗಿ ನಿಂತು ಚುಚ್ಚಿಸಿಕೊಂಡರು. ಎದುರಾಳಿಯ ಚೆಂಡಿಗೆ ಹೆದರದ ರಜಾಕ್ ಸೂಜಿ ಕಂಡು ಕಣ್ಣು ಮುಚ್ಚಿದ. ಅಭ್ಯಾಸಕ್ಕೆ ಮೊದಲು ಮೈದಾನಕ್ಕೂ ಹೊಗೆ. ಅದು ಆರುವ ಮೊದಲೇ ಕೋಚ್ ಸೀಟಿ ಊದುತ್ತಿದ್ದರು. ಆದರೆ ಜ್ವರ ನಿಲ್ಲಲಿಲ್ಲ. ಲಸಿಕೆ ಹಾಕಿಸಿಕೊಂಡವರಿಗೂ ಬಂತು. ಗಟ್ಟಿಮುಟ್ಟು ಗಂಡಸರಿಗೇ ಬಂತು, ಹಂದಿ ಕೊಟ್ಟಿಗೆಯಲ್ಲಿ ಕೆಲಸ ಮಾಡುವವರಿಗೆ.

ಒಂದು ಬೆಳಿಗ್ಗೆ ಸೆಂಗ್ ಪ್ಯಾಡು ಕಟ್ಟದೆ ಬೆಂಚಿನ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿ ಕೂತೆ.

"ಹಂದಿಗಳು ಕೆಮ್ತಾ ಇದ್ವು ಅಕ್ಕಾ," ಎಂದ. "ದೊಡ್ಡದಾಗಿ, ಆಚೆ ಮನೆಗೆ ಕೇಳೋ ಹಾಗೆ. ಈಗ ಅಪ್ಪನಿಗೆ ಜ್ವರ. ಮಾತಾಡ್ತಾ ಮಾತಾಡ್ತಾ ನಿದ್ದೆ ಹೋಗ್ತಾರೆ. ಎಬ್ಬಿಸಿದ್ರೆ ನನ್ನ ಹೆಸರು ನೆನಪಾಗಲ್ಲ."

ಅದೇ ದಿನ ಅವನ ಅಪ್ಪನನ್ನು ಕೌಲಾಲಂಪುರದ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಮರುದಿನ ಅವರ ಕೊಟ್ಟಿಗೆಯಲ್ಲಿ ಬಹಳ ವರ್ಷದಿಂದ ದುಡಿಯುತ್ತಿದ್ದ ಮುನಿಯಾಂಡಿ ಎಂಬ ತಮಿಳು ಆಳನ್ನೂ ಅಲ್ಲಿಗೇ ಸೇರಿಸಿದರು. ಇಬ್ಬರಿಗೂ ಉಸಿರಾಟಕ್ಕೆ ಯಂತ್ರ ಹಾಕಬೇಕಾಯಿತು.

ಅಲ್ಲಿಂದ ನಮ್ಮ ಋತು ದಾರಿ ತಪ್ಪಿತು. ಕ್ಲಾಂಗ್ ಬಂದರಿನ ತಂಡ ನಮ್ಮಲ್ಲಿಗೆ ಆಡಲು ಬರಬೇಕಿತ್ತು. ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಹಾಗಾದರೆ ನಾವೇ ಬರುತ್ತೇವೆ ಎಂದು ಕೋಚ್ ಬಸ್ಸು ಹೊರಡಿಸಿದರು. ಸೆಂಗ್‌ನ ರಕ್ತಪರೀಕ್ಷೆಯ ಫಲ ಬರುವವರೆಗೆ ಅವನನ್ನು ಆಡಿಸಬಾರದೆಂದು ಆಗಿತ್ತು, ಅವನು ಬಸ್ಸಿನಲ್ಲಿರಲಿಲ್ಲ. ಆದರೂ ಕ್ಲಾಂಗಿನಲ್ಲಿ ಊಟಕ್ಕೆ ಇಳಿದಾಗ ಹೋಟೆಲಿನವನು ಬಸ್ಸಿನ ನಂಬರ್ ಪ್ಲೇಟು ನೋಡಿದ. ಸೆರೆಂಬಾನ್ ಇರುವ ರಾಜ್ಯದ ಗಾಡಿಗಳ ನಂಬರು 'ಎನ್' ಅಕ್ಷರದಿಂದ ಶುರುವಾಗುತ್ತದೆ. ಅವನು ಬಾಗಿಲಲ್ಲೇ ಕೈ ಅಡ್ಡ ಇಟ್ಟ. ಒರಟಾಗೇನೂ ಮಾತಾಡಲಿಲ್ಲ.

"ತಪಾವ್ ಮಾಡಿ ಕೊಡ್ತೀನಿ ಬಾಸ್," ಎಂದ. "ಕಟ್ಟಿ ಕೊಡ್ತೀನಿ, ಬಸ್ಸಲ್ಲೇ ಮಕಾನ್ ಮಾಡಿ, ಅಲ್ಲೇ ತಿನ್ನಿ. ಒಳಗೆ ಬೇರೆ ಗಿರಾಕಿಗಳಿದ್ದಾರೆ."

ಬಸ್ಸಿನಲ್ಲಿ ಕೂತು ಎಲ್ಲರೂ ಪೊಟ್ಟಣ ಬಿಚ್ಚಿ ತಿಂದರು. ಆ ಪಂದ್ಯ ಸೋತೆವು.

ಕಂಪನಿಯ ಮ್ಯಾನೇಜರ್ ಒಂದು ದಿನ ಮೈದಾನಕ್ಕೇ ಬಂದು, ಸೆಂಗ್ ಸದ್ಯಕ್ಕೆ ಈ ಕಡೆ ಕಾಲಿಡದಿದ್ದರೆ ಎಲ್ಲರಿಗೂ ಒಳ್ಳೆಯದು ಎಂದರು. ಕೋಚ್ ಸಿಂಗ್ ಗಡ್ಡ ನೀವಿಕೊಂಡರು.

"ಆಡಿಸಬೇಡ ಅಂದ್ರಿ, ಆಡಿಸಲಿಲ್ಲ. ಆದ್ರೆ ಬರಬೇಡ ಅಂತ ನಾನು ಹೇಳಲ್ಲ ಸರ್. ಅವನಿಗೆ ಹೋಗೋಕೆ ಬೇರೆ ಜಾಗ ಎಲ್ಲಿದೆ, ಹೇಳಿ."

ಸೆಂಗ್ ಬರುತ್ತಿದ್ದ. ಗೋಲಿನಿಂದ ದೂರ ಒಬ್ಬನೇ ಗೋಡೆಗೆ ಚೆಂಡು ಹೊಡೆದುಕೊಂಡಿರುತ್ತಿದ್ದ. ಅವನ ನೀರಿನ ಬಾಟಲಿಯನ್ನು ಯಾರೋ ಬೇರೆ ಮೂಲೆಯಲ್ಲಿಟ್ಟರು. ಅವನು ಅಲ್ಲಿಂದಲೇ ಕುಡಿದ. ಅವನ ಭುಜದಲ್ಲಿ ಹಳೆಯ ಪೆಟ್ಟೊಂದಿತ್ತು. ದಿನ ಬಿಟ್ಟು ದಿನ ನಾನು ಅದನ್ನು ನೋಡಬೇಕು. ಅವನು ಮಲಗಿದ ಮೇಜಿಗೆ ಉಳಿದವರು ಬರಲು ಹಿಂಜರಿದರು. ಅವರನ್ನು ದೂರುವುದು ಹೇಗೆ? ಎಲ್ಲರ ಮನೆಯಲ್ಲೂ ಅಮ್ಮ ಇದ್ದಳು, ತಂಗಿ ಇದ್ದಳು.

ನನ್ನ ಮನೆಯಲ್ಲೂ ಅದೇ ಮಾತು ಬಂತು.

"ನಿನಗೆ ಎಂತ ಹುಚ್ಚಾ?" ಎಂದರು ಸುಧೀರ್. "ಮನೆಯಲ್ಲಿ ಸಣ್ಣ ಮಗು ಉಂಟು."

"ಗ್ಲೌಸ್ ಹಾಕ್ತೇನೆ. ಸೋಪಲ್ಲಿ ಕೈ ತೊಳೀತೇನೆ."

"ಕೈ ತೊಳೆದ್ರೆ ಹೋಗುವಂಥದ್ದಾ ಅಂತ ಯಾರಿಗೂ ಗೊತ್ತಿಲ್ಲ ಮಾರಾಯ್ತಿ. ಅದೇ ನನ್ನ ಹೆದರಿಕೆ."

ಅವರು ಹೇಳಿದ್ದು ಸರಿಯೇ ಇತ್ತು. ಮಣಿಪಾಲದಲ್ಲಿ ನಮಗೆ ಹಿರಿಯರಾಗಿದ್ದ ಡಾಕ್ಟರ್ ಶೆಟ್ರು ಆಗ ಮಲೇಶಿಯಾದ ಒಂದು ಮೆಡಿಕಲ್ ಕಾಲೇಜಿನಲ್ಲಿದ್ದರು. ಅವರಿಗೆ ಫೋನ್ ಮಾಡಿದೆ.

"ಕೊಟ್ಟಿಗೆಗೆ ಹೋಗದ ಹೆಂಗಸರಿಗೆ, ರೋಗಿ ನೋಡಿಕೊಳ್ಳುವ ನರ್ಸ್‌ಗಳಿಗೆ ಜೋರು ಬಂದದ್ದು ನಾನು ನೋಡ್ಲಿಲ್ಲ," ಎಂದರು. "ಹಂದಿ ಮುಟ್ಟುವವರಿಗೇ ಬರ್ತಾ ಉಂಟು. ಆದ್ರೆ ನಾಳೆ ಹೇಗೆ ಅಂತ ನನ್ನತ್ರ ಕೇಳ್ಬೇಡಿ."

ಅಷ್ಟನ್ನೇ ನಂಬಿಕೊಂಡು ಹೋದೆ. ಮೇಜಿನ ಬಳಿ ಸೆಂಗ್ ನನ್ನ ಕೈ ನೋಡಿ, "ಗ್ಲೌಸ್ ಹಾಕಿ ಅಕ್ಕಾ," ಎಂದ. "ನೀವು ಹಾಕಿದ್ರೆ ನಂಗೇ ಧೈರ್ಯ." ಅವನ ಭುಜ ಮರದ ತುಂಡಿನ ಹಾಗೆ ಬಿಗಿದಿತ್ತು. ಅಷ್ಟು ದಿನ ನನ್ನ ಬಿಟ್ಟು ಯಾರೂ ಅವನನ್ನು ಮುಟ್ಟಿರಲಿಲ್ಲ ಎಂದು ಕಾಣುತ್ತದೆ. ನಾನು ಒತ್ತುತ್ತಿದ್ದ ಹಾಗೆ ಅವನು ಮುಖವನ್ನು ಟವೆಲಿನಲ್ಲಿ ಮುಚ್ಚಿಕೊಂಡ. ಎದ್ದಾಗ ಟವೆಲ್ ಒದ್ದೆಯಾಗಿತ್ತು.

ಬಾಗಿಲಲ್ಲಿ ರಜಾಕ್ ನಿಂತಿದ್ದ. ಸೆಂಗ್ ಇಳಿಯುತ್ತಲೇ ಬಂದು ಅದೇ ಮೇಜಿನ ಮೇಲೆ ಬೋರಲಾಗಿ ಬಿದ್ದುಕೊಂಡ. ನಾನು ಬಟ್ಟೆ ಬದಲಿಸುತ್ತೇನೆ, ತಡಿ ಎಂದೆ.

"ಬೇಡ ಅಕ್ಕಾ. ಬೆಚ್ಚಗಿದೆ. ಸೊಂಟ ಒತ್ತಿ," ಎಂದ.

ನಾನು ಅವನನ್ನು ಎಬ್ಬಿಸಿ ಬಟ್ಟೆ ಬದಲಿಸಿದೆ, ಅದು ನನ್ನ ಕೆಲಸ. ಆದರೆ ಹೊರಗಿನ ಬೆಂಚಿನಲ್ಲಿದ್ದವರು ಅದನ್ನು ನೋಡಿದ್ದರು. ಮರುದಿನ ಇನ್ನಿಬ್ಬರು ಬಂದರು. ನೀರಿನ ಬಾಟಲಿ ಯಾವಾಗ ತನ್ನ ಜಾಗಕ್ಕೆ ಮರಳಿತೋ ನಾನು ನೋಡಲಿಲ್ಲ.

ಮಾರ್ಚ್ ತಿಂಗಳ ನಡುವೆ ಸೆಂಗ್‌ಗೂ ತಲೆನೋವು ಬಂತು. ಗೋಡೆಗೆ ಚೆಂಡು ಹೊಡೆಯುತ್ತಿದ್ದವನು ಕುಸಿದು ಕೂತ. ಕೋಚ್ ಸಿಂಗ್ ತಾವೇ ಅವನನ್ನು ಎತ್ತಿ ಕಾರಿನಲ್ಲಿ ಹಾಕಿಕೊಂಡು ಹೋದರು. ಆಸ್ಪತ್ರೆಯಲ್ಲಿ ನಿಗಾದಲ್ಲಿಟ್ಟರು. ಆ ಸಂಜೆ ಮೈದಾನದಲ್ಲಿ ಯಾರೂ ಸ್ಟಿಕ್ ಮುಟ್ಟಲಿಲ್ಲ. ರಜಾಕ್ ಗೋಲಿನ ಕಂಬಕ್ಕೆ ಒರಗಿ ಕೂತಿದ್ದ.

ಅವನು ಆಸ್ಪತ್ರೆಯಲ್ಲಿರುವಾಗಲೇ ಬುಕಿತ್ ಪೆಲಾಂಡೋಕ್ ಖಾಲಿ ಮಾಡಬೇಕೆಂದು ಹೇಳಿಕೆ ಬಂತು. ಹಂದಿಗಳನ್ನೆಲ್ಲ ಕೊಲ್ಲಲು ಸೈನ್ಯದವರು ಬರುವವರಿದ್ದರು. ಗಂಡ ಒಂದು ಆಸ್ಪತ್ರೆಯಲ್ಲಿ, ಮಗ ಇನ್ನೊಂದರಲ್ಲಿ. ಸೆಂಗ್‌ನ ಅಮ್ಮ ಆ ಮನೆಯಲ್ಲಿ ಒಬ್ಬಳೇ ಉಳಿದಿದ್ದಳು.

ಬೆಳಿಗ್ಗೆ ರಜಾಕ್ ನಿಲಾಯ್‌ನ ನಮ್ಮ ಮನೆ ಬಾಗಿಲಿಗೆ ಬಂದ. ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ.

"ಅಕ್ಕಾ, ಕಾರು ಬೇಕು. ಅವನಮ್ಮ ಬೈಕಲ್ಲಿ ಕೂರಲ್ವಂತೆ."

ಸುಧೀರ್ ಕಾಲೇಜಿಗೆ ಹೊರಟು ನಿಂತಿದ್ದರು. ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. ಮೊಳೆಗೆ ತೂಗುಹಾಕಿದ್ದ ಕಾರಿನ ಕೀ ತೆಗೆದುಕೊಂಡರು.

"ನಾನೇ ಬಿಡ್ತೇನೆ. ನಿನಗೆ ಆ ದಾರಿ ಗೊತ್ತಿಲ್ಲ."

"ನಿಮಗೆ ಗೊತ್ತುಂಟಾ?"

"ಇಲ್ಲ," ಎಂದು ಶೂ ಹಾಕಿಕೊಂಡರು.

ಅನುವನ್ನು ಪಕ್ಕದ ಮನೆಯ ಸೆಲ್ವಿ ಆಂಟಿಯ ಹತ್ತಿರ ಬಿಟ್ಟು ಹೊರಟೆವು. ಎದುರಿನಿಂದ ಲಾರಿಗಳು ಬರುತ್ತಿದ್ದವು. ಹಾಸಿಗೆ, ಫ್ರಿಜ್, ದೇವರ ಪೀಠ, ಅವುಗಳ ಮೇಲೆ ಕೂತ ಮುದುಕರು. ಕವಲುದಾರಿಯಲ್ಲಿ ಸುಧೀರ್ ಕಾರು ನಿಧಾನ ಮಾಡಿದರು. ರಜಾಕ್ ಇಲ್ಲಿಯವರೆಗೆ ಮಾತ್ರ ಬರುವುದೆಂದು ನಾನು ಅವರಿಗೆ ಹೇಳಿದ್ದೆ.

"ಮುಂದೆ ಹೋಗಿ ಸರ್," ಎಂದ ರಜಾಕ್.

ಆ ಊರಿನೊಳಗೆ ಅಂಗಡಿಗಳೆಲ್ಲ ಮುಚ್ಚಿದ್ದವು. ಬಿಟ್ಟುಹೋದ ಕೊಟ್ಟಿಗೆಗಳಿಂದ ಹಸಿದ ಹಂದಿಗಳ ಕೂಗು ಎರಡೂ ಬದಿಯಿಂದ ಬರುತ್ತಿತ್ತು. ಕಾರಿನ ಗಾಜು ಏರಿಸಿದರೂ ಕೇಳುತ್ತಿತ್ತು. ಸೆಂಗ್ ರಜಾಕ್‌ಗೆ ಹೇಳಿದ್ದ ಗುರುತು ಹಿಡಿದು ಮನೆ ಹುಡುಕಿದೆವು. ಸೆಂಗ್‌ನ ಅಮ್ಮ ಅಂಗಳದಲ್ಲಿದ್ದಳು. ಕುಳ್ಳಗಿನ ಹೆಂಗಸು, ಮೊಣಕಾಲಿನವರೆಗೆ ರಬ್ಬರ್ ಬೂಟು, ಮುಖಕ್ಕೆ ಬಟ್ಟೆ. ಅನ್ನದ ಕುಕ್ಕರು, ಒಂದು ಬ್ಯಾಗು ಬಾಗಿಲಲ್ಲಿ ತಯಾರಿದ್ದವು. ಆದರೆ ಅವಳು ಕಾರು ಹತ್ತಲಿಲ್ಲ. ಹಂದಿಗಳಿಗೆ ಮೇವು ಹಾಕಿ ಬರುತ್ತೇನೆ ಎಂದು ಮಲಯ್ ಭಾಷೆಯಲ್ಲಿ ರಜಾಕ್‌ಗೆ ಹೇಳಿದಳು.

"ಆಂಟಿ, ನಾಳೆ ಸೋಲ್ಜರ್‌ಗಳು ಬರ್ತಾರೆ. ಈಗ ಮೇವು ಹಾಕಿ ಏನಾಗಬೇಕು?"

"ನಾಳೆ ಸಾಯ್ತವೆ. ಹಸಿವು ಇವತ್ತೇ ಇದೆಯಲ್ಲ," ಎಂದಳು. ಆಮೇಲೆ, "ಮುನಿಯಾಂಡಿ ಇದ್ದಿದ್ರೆ ಇಷ್ಟು ಹೊತ್ತಿಗೆ ಹಾಕಿರ್ತಿದ್ದ," ಎಂದಳು.

ಮೇವಿನ ಮೂಟೆಗಳು ಮನೆಯ ಪಕ್ಕದ ಶೆಡ್ಡಿನಲ್ಲಿದ್ದವು. ಒಬ್ಬಳೇ ಎಳೆಯಲು ಅವಳಿಗೆ ಆಗುತ್ತಿರಲಿಲ್ಲ. ನನ್ನ ಚೀಲದಲ್ಲಿದ್ದ ಗ್ಲೌಸುಗಳನ್ನೆಲ್ಲ ತೆಗೆದು ಎರಡೆರಡು ಜೊತೆ ಕೊಟ್ಟೆ. ಮುಖಕ್ಕೆ ಟವೆಲ್ ಕಟ್ಟಿಸಿದೆ. ಹೊಸ್ತಿಲಿನಿಂದ ಒಳಗೆ ಯಾರೂ ಹೋಗಕೂಡದು ಎಂದೆ. ರಜಾಕ್ ಮೂಟೆಯ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಸುಧೀರ್ ಹಿಡಿದರು. ಮನೆಯಲ್ಲಿ ಮೊಟ್ಟೆಯನ್ನೂ ತರಿಸದ ಮನುಷ್ಯ. ಕೊಟ್ಟಿಗೆಯ ಕಡೆ ನೋಡದೆ ಮುಖ ತಿರುಗಿಸಿಕೊಂಡರು. ಮೂಟೆ ಬಿಡಲಿಲ್ಲ. ಒಂದೊಂದಾಗಿ ಕೊಟ್ಟಿಗೆಯ ಬಾಗಿಲವರೆಗೆ ತಂದು ಇಟ್ಟರು. ಅಲ್ಲಿಂದ ಅವಳು ಬಕೆಟ್ಟಿನಲ್ಲಿ ತುಂಬಿಕೊಂಡು ಒಳಗೆ ಹೋದಳು. ಒಳಗಿನಿಂದ ಅವಳ ದನಿ ಕೇಳುತ್ತಿತ್ತು. ತನ್ನ ಭಾಷೆಯಲ್ಲಿ, ಮಕ್ಕಳಿಗೆ ಉಣಿಸುವಾಗ ಹೇಳುವ ಹಾಗೆ ಏನೋ ಹೇಳುತ್ತಿದ್ದಳು. ಸ್ವಲ್ಪ ಸ್ವಲ್ಪವಾಗಿ ಆ ಕೊಟ್ಟಿಗೆಯ ಕೂಗು ನಿಂತಿತು. ಸುತ್ತಲಿನ ಕೊಟ್ಟಿಗೆಗಳದು ನಿಲ್ಲಲಿಲ್ಲ.

ಅವಳನ್ನು ಕೋಚ್ ಸಿಂಗ್ ಅವರ ಮನೆಯಲ್ಲಿ ಬಿಟ್ಟೆವು. ಕೋಚ್‌ರ ಹೆಂಡತಿ ಗೇಟಿನ ಬಳಿ ಬಕೆಟ್ ಬಿಸಿನೀರು ಇಟ್ಟುಕೊಂಡು ಕಾಯುತ್ತಿದ್ದರು. ನಮ್ಮ ಮನೆಗೆ ಬಂದ ಮೇಲೆ ಗಂಡಸರಿಬ್ಬರೂ ಕೆಳಗಿನ ನಲ್ಲಿಯಲ್ಲಿ ಉಜ್ಜಿ ಉಜ್ಜಿ ಮೈ ತೊಳೆದುಕೊಂಡರು. ರಜಾಕ್ ಬೂಟು ತೊಳೆಯುತ್ತ ಕೇಳಿದ.

"ಅಕ್ಕಾ, ಇಷ್ಟು ವರ್ಷ ನಾನು ಅವನ ಮನೆಗೆ ಹೋಗದೇ ಇದ್ದದ್ದಕ್ಕೆ ಅವನಿಗೆ ಬೇಜಾರಿರತ್ತಾ?"

"ನೀವಿಬ್ಬರೂ ಒಪ್ಪಿಕೊಂಡದ್ದಲ್ವಾ ಅದು?"

"ಒಪ್ಪಿಕೊಂಡದ್ದೇ. ಆದ್ರೆ ಅವನಮ್ಮನ್ನ ನಾನು ನೋಡಿದ್ದು ಇವತ್ತೇ ಮೊದಲು," ಎಂದ.

ಹಂದಿಗಳನ್ನು ಕೊಂದದ್ದನ್ನು ಸೆಂಗ್ ಆಸ್ಪತ್ರೆಯ ಟಿವಿಯಲ್ಲಿ ನೋಡಿದ. ಯಾರ ಕೊಟ್ಟಿಗೆ ಎಂದು ಗೊತ್ತಾಗುತ್ತಿರಲಿಲ್ಲ, ಎಲ್ಲವೂ ಒಂದೇ ಥರ ಇದ್ದವು. ಅವನ ರಕ್ತದಲ್ಲಿ ಏನೂ ಇಲ್ಲವೆಂದು ಬಂತು. ಊಟ ನಿದ್ದೆ ಬಿಟ್ಟದ್ದೇ ತಲೆನೋವಿಗೆ ಕಾರಣ. ಅವನು ಹೊರಗೆ ಬಂದ ವಾರವೇ ಮುನಿಯಾಂಡಿ ತೀರಿಕೊಂಡ. ತಂಡದ ತಮಿಳು ಹುಡುಗರು, ರಜಾಕ್, ಕೋಚ್ ಹೋಗಿ ಹೆಗಲು ಕೊಟ್ಟರು. ಸೆಂಗ್ ಮುನಿಯಾಂಡಿಯ ಹೆಂಡತಿಯ ಎದುರು ನಿಂತು ಕೈ ಜೋಡಿಸಿದನಂತೆ. ಅವಳೇ ಅವನ ತಲೆ ಸವರಿದಳಂತೆ.

ಆ ಹೊತ್ತಿಗೆ ವಿಜ್ಞಾನಿಗಳು ಇದು ಸೊಳ್ಳೆಯ ಜ್ವರವಲ್ಲ, ಹಂದಿಯಿಂದ ಬರುವ ಹೊಸ ವೈರಸ್ ಎಂದು ಕಂಡುಹಿಡಿದಿದ್ದರು. ಅಲ್ಲಿಯ ಹಳ್ಳಿಯೊಂದರ ಹೆಸರನ್ನೇ ಅದಕ್ಕಿಟ್ಟರು, ನಿಪಾ ಎಂದು. ಎಷ್ಟೋ ವರ್ಷದ ಮೇಲೆ ಕೇರಳದಿಂದ ಆ ಹೆಸರು ಟಿವಿಯಲ್ಲಿ ಬಂದಾಗ ನಾನೂ ಸುಧೀರರೂ ಊಟದ ತಟ್ಟೆ ಬಿಟ್ಟು ಎದ್ದು ಟಿವಿಯ ಹತ್ತಿರ ಹೋಗಿ ನಿಂತೆವು.

ಲೀಗ್ ಉಳಿದ ಊರುಗಳಲ್ಲಿ ನಡೆಯಿತು. ನಮ್ಮ ತಂಡವನ್ನು ಆ ವರ್ಷದ ಅಂಕಪಟ್ಟಿಯಿಂದ ತೆಗೆದುಹಾಕಿದರು. ಗೆದ್ದ ಪಂದ್ಯಗಳೂ ಲೆಕ್ಕಕ್ಕಿಲ್ಲವಾದವು. ಹೊರಗಿನಿಂದ ಬಂದಿದ್ದ ಆಟಗಾರರು ಪೆಟ್ಟಿಗೆ ಕಟ್ಟಿಕೊಂಡು ಹೋದರು. ಕೃತಕ ಹುಲ್ಲಿಗೆ ನೀರು ಹಾಯಿಸುವುದನ್ನು ನಿಲ್ಲಿಸಿದರು. ಅದು ಬಿಸಿಲಿಗೆ ಗಡುಸಾಗಿ, ನಡೆದರೆ ಕರಕರ ಎನ್ನುತ್ತಿತ್ತು.

ಸೆಂಗ್‌ನ ಅಪ್ಪ ಕಣ್ಣು ಬಿಟ್ಟದ್ದು ಆಮೇಲೆ. ಸೆಂಗ್ ನನಗೆ ಫೋನ್ ಮಾಡಿದ.

"ಅಪ್ಪ ಮಾತಾಡಿದ್ರು ಅಕ್ಕಾ. ಹಂದಿಗೆ ಮೇವು ಹಾಕಿದ್ರಾ ಅಂತ ಕೇಳಿದ್ರು. ಹಾಕಿದ್ವಿ ಅಂದೆ." ಆಮೇಲೆ, "ಹಾಕಿದ್ದು ನಿಜಾನೇ ತಾನೇ," ಎಂದ.

ಅವರ ಕೈಕಾಲುಗಳಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಕೋಚ್ ಸಿಂಗ್ ಅವರ ಮನೆಯ ಕೆಳಗಿನ ಕೋಣೆಗೆ ಕರೆತಂದ ಮೇಲೆ ಅವರನ್ನು ನಡೆಸುವುದು ನನ್ನ ಕೆಲಸವಾಯಿತು. ಮೊದಲು ಕೂರುವುದು, ಆಮೇಲೆ ಲೋಟ ಹಿಡಿಯುವುದು, ಆಮೇಲೆ ಗೋಡೆ ಹಿಡಿದು ನಿಲ್ಲುವುದು. ಸಣ್ಣ ಕಣ್ಣಿನ, ಹಟದ ಮನುಷ್ಯ. ಅವರಿಂದ ಮಲಯ್‌ನ ನಾಲ್ಕೈದು ಮಾತು, ನನ್ನಿಂದಲೂ ಅಷ್ಟೇ. ಮುನಿಯಾಂಡಿಯ ಸುದ್ದಿಯನ್ನು ಸೆಂಗ್ ಒಂದು ಮಧ್ಯಾಹ್ನ ಹೇಳಿದ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಹೊರಡಲು ಎದ್ದಾಗ, ಅವನ ಹೆಂಡತಿ ಇರುವಲ್ಲಿಗೆ ನಡೆದು ಹೋಗುವಷ್ಟು ಮಾಡಿಕೊಡುತ್ತೀಯಾ ಎಂದು ಕೇಳಿದರು. ಮಾಡಿಕೊಟ್ಟೆ. ಕೋಲು ಊರಿಕೊಂಡು, ಸೆಂಗ್‌ನ ಹೆಗಲು ಹಿಡಿದು, ಅವಳ ಮನೆಯ ಮೆಟ್ಟಿಲು ಹತ್ತಿದರು. ಒಳಗೆ ಏನು ಮಾತಾಯಿತೋ ನಾನು ಕೇಳಲಿಲ್ಲ.

ವರ್ಷದ ಮಧ್ಯಕ್ಕೆ ಜನ ಬುಕಿತ್ ಪೆಲಾಂಡೋಕ್‌ಗೆ ಮರಳತೊಡಗಿದರು. ಮನೆಗಳಿದ್ದವು, ಕೊಟ್ಟಿಗೆಗಳು ಖಾಲಿ. ಅಲ್ಲಿಯವರೆಂದರೆ ಹೊರಗಿನವರು ಇನ್ನೂ ಹಿಂದೆ ಸರಿಯುತ್ತಿದ್ದರು. ಆಗ ಕೋಚ್ ಸಿಂಗ್‌ಗೆ ಒಂದು ಯೋಚನೆ ಬಂತು.

"ಈ ಸೀಸನ್ನನ್ನ ಹೀಗೇ ಬಿಡೋಕೆ ನಂಗೆ ಆಗ್ತಿಲ್ಲ," ಎಂದರು. "ಆ ಊರಿನ ಶಾಲೆ ಮೈದಾನದಲ್ಲಿ ಒಂದು ಮ್ಯಾಚ್ ಆಡೋಣ. ಬರೋರು ಬರಲಿ."

ನಮ್ಮವರಲ್ಲಿ ಉಳಿದವರೆಲ್ಲ ಬಂದರು. ನಮ್ಮಲ್ಲಿಗೆ ಬರುವುದಿಲ್ಲ ಎಂದಿದ್ದ ಕ್ಲಾಂಗ್ ಬಂದರಿನ ತಂಡದ ಕ್ಯಾಪ್ಟನ್ ಕೂಡ, ಯಾರೂ ಕರೆಯದೆ, ಕೆಲವು ಆಟಗಾರರನ್ನು ಎರಡು ಕಾರಿನಲ್ಲಿ ತುಂಬಿಕೊಂಡು ಬಂದ. ಬಂದವನೇ ಕಾರಿನಿಂದ ಸ್ಟಿಕ್ಕುಗಳನ್ನು ಇಳಿಸಿದ. ಜರ್ಸಿ ಕಲೆಸಿ ಎರಡು ತಂಡ ಮಾಡಿದರು. ಹುಲ್ಲು ಉದ್ದ ಬೆಳೆದಿತ್ತು, ಚೆಂಡು ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಊರವರು ಮನೆಯಿಂದ ಕುರ್ಚಿ ತಂದು ಅಂಚಿನಲ್ಲಿ ಹಾಕಿಕೊಂಡು ಕೂತರು. ಸುಧೀರ್ ಅನುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು.

ಸೆಂಗ್‌ನ ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಮುನಿಯಾಂಡಿಯ ಹೆಂಡತಿ. ಮಗ ಆಡುವುದನ್ನು ಅವರು ಅದೇ ಮೊದಲು ನೋಡುತ್ತಿರುವುದು ಎಂದು ಸೆಂಗ್ ಪ್ಯಾಡು ಕಟ್ಟುತ್ತ ನನಗೆ ಹೇಳಿದ. ಶಾಲೆಯಲ್ಲಾಗಲಿ, ಕ್ಲಬ್ಬಿನಲ್ಲಾಗಲಿ, ಪಂದ್ಯದ ಹೊತ್ತೇ ಸಂಜೆಯ ಮೇವಿನ ಹೊತ್ತು. ಹಂದಿಗಳಿಗೆ ಭಾನುವಾರ ಇರುವುದಿಲ್ಲ. ಈಗ ಅಪ್ಪನಿಗೆ ಬಿಡುವಿತ್ತು.

ಆಟ ಶುರುವಾಯಿತು. ಅಪ್ಪ ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ ನೋಡಿ, ನನ್ನನ್ನು ಹತ್ತಿರ ಕರೆದರು.

"ಎಲ್ಲರೂ ಅವನಿಗೇ ಯಾಕೆ ಹೊಡೀತಾರೆ? ಇವನೇನು ಮಾಡಿದ?"

ನನ್ನ ಮಲಯ್‌ನಲ್ಲಿ ಹೇಗೆ ವಿವರಿಸುವುದೆಂದು ಯೋಚಿಸುವಷ್ಟರಲ್ಲಿ ಕ್ಲಾಂಗಿನ ಕ್ಯಾಪ್ಟನ್ ಹೊಡೆದ ಚೆಂಡು ರಜಾಕ್‌ನ ಸ್ಟಿಕ್ಕಿಗೆ ತಾಗಿ, ದಿಕ್ಕು ಬದಲಿಸಿ, ಸೆಂಗ್‌ನ ಕಾಲ ಸಂದಿನಿಂದ ಗೋಲಿನೊಳಗೆ ಹೋಯಿತು. ಮೈದಾನದ ಸುತ್ತ ಗದ್ದಲವೆದ್ದಿತು. ಆ ಗದ್ದಲ ಕೇಳಿ ಅಪ್ಪ, ಮಗ ಏನೋ ದೊಡ್ಡದು ಮಾಡಿದನೆಂದು ತಿಳಿದು ಚಪ್ಪಾಳೆ ತಟ್ಟಿದರು. ಅಷ್ಟು ದಿನ ಲೋಟ ಹಿಡಿಯಲು ನಾನು ಪಳಗಿಸಿದ್ದ ಕೈಗಳು. ಸದ್ದು ಬರಲಿಲ್ಲ, ಆದರೂ ತಟ್ಟಿದರು. ಮುನಿಯಾಂಡಿಯ ಹೆಂಡತಿಯೂ ಅವರನ್ನು ನೋಡಿ ತಟ್ಟಿದಳು.

ಕೋಚ್ ಸಿಂಗ್ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಹೊರಟರು. ಗೋಲಿನಿಂದ ಸೆಂಗ್ ಬೇಡ ಎಂದು ಕೈ ಮಾಡಿದ. ಹೆಲ್ಮೆಟ್ ಮೇಲಕ್ಕೆ ಸರಿಸಿದ. ಅವನು ನಗುತ್ತಿದ್ದ. ಆ ವರ್ಷದಲ್ಲಿ ಅವನ ಹಲ್ಲು ನಾನು ಕಂಡದ್ದು ಆಗಲೇ. ಅಪ್ಪನ ಕಡೆ ತಿರುಗಿ, ಗೆದ್ದವರು ಎತ್ತುವ ಹಾಗೆ ಸ್ಟಿಕ್ಕನ್ನು ಎತ್ತಿ ತೋರಿಸಿದ. ರಜಾಕ್ ತನ್ನ ತಪ್ಪಿಗೆ ತಲೆ ಚಚ್ಚಿಕೊಳ್ಳುತ್ತಿದ್ದವನು ಅದನ್ನು ನೋಡಿ ಹುಲ್ಲಿನ ಮೇಲೆ ಕೂತು ನಕ್ಕುಬಿಟ್ಟ. ಆಮೇಲೆ ಎದ್ದು, ಬಲೆಯಿಂದ ಚೆಂಡು ತೆಗೆದು ನಡುಗೆರೆಗೆ ಹೊಡೆದ.

ಅಪ್ಪ ಯಾರ ಕೈಯನ್ನೂ ಹಿಡಿಯದೆ, ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಜರುಗಿ ಕೂತರು.